ವಿಷಯ: ಕೋತಿಯ ಮೊದಲ ಹಾಲೂ 'ಗಿಣ್ಣು'ವೇ? (ಫಲಕಕ್ಕೆ, ತುರ್ತು)

ತುಮಕೂರಿನಿಂದ:
ದೇವರಾಯನದುರ್ಗದ ಕೋತಿ, ಕಾಡುಪಾಪಗಳ ಫಲಕದ ಬರಹ ನಾಳೆ ಸಂಜೆಯೊಳಗೆ ಪೇಂಟರ್ ಕೈಸೇರಬೇಕು. ಕರಡು: "ವಾನರಗಳ ಗಿಣ್ಣುಹಾಲಿನಲ್ಲಿ ಎ, ಇ ಜೀವಸತ್ವಗಳು ಹೆಚ್ಚು. ಹಾಲೂಡಿಸುವ ದಿನಗಳು ಕಳೆದಂತೆ ಇಳಿಯುತ್ತವೆ." ಪದ ಸರಿಯೇ?

ಕೋಲಾರದಿಂದ:
ಗಿಣ್ಣು ಬೇಡ. ಅದು ಈದ ಹಸು, ಎಮ್ಮೆಯದು. ಕಾಯಿಸಿದರೆ ಗಟ್ಟಿ ಕಟ್ಟುತ್ತೆ. ಇಲ್ಲಿಯ ತೆಲುಗಿನವರ ಜುನ್ನೂ ಅದೇ. ಓದಿದವರಿಗೆ ಬೆಲ್ಲ, ಏಲಕ್ಕಿ ನೆನಪಾದೀತು. ಕೆಲಸವೂ ಬೇರೆ: ಕರುವಿಗೆ ರೋಗ ತಡೆಯುವ ಪ್ರತಿಕಾಯಗಳು ಗಿಣ್ಣಿನಿಂದಲೇ ಬರಬೇಕು, ಕೂಸಿಗೂ ಕೋತಿಮರಿಗೂ ಹುಟ್ಟುವ ಮೊದಲೇ ಮಾಸಿನ ಮೂಲಕ ಬಂದಿರುತ್ತವೆ. 'ಮೊದಲ ಹಾಲು' ಸಾಕು. 'ವಾನರ' ಅಂದರೆ ಕಾಡುಪಾಪ ಹೊರಗುಳಿಯುತ್ತೆ, ಮನುಷ್ಯ, ಕೋತಿ, ಕಾಡುಪಾಪ ಎಲ್ಲ ಸೇರುವ ಗುಂಪಿನ ಹೆಸರು 'ಪ್ರೈಮೇಟ್' ಇರಲಿ. ಇನ್ನೊಂದು, 'ಇಳಿಯುತ್ತವೆ' ಅಂತ ಎಲ್ಲಕ್ಕೂ ಒಂದೇ ಗೆರೆ ಎಳೆಯಬೇಡಿ. ತಾಯಿಯ ಹಾಲಿನಲ್ಲಿ ಎ, ಇ ಇಳಿದರೆ ಥಯಮಿನ್ (ಬಿ1) ಏರುತ್ತೆ. ಮೊದಲ ಹಾಲಿನ ಹಳದಿ ಕ್ಯಾರೋಟಿನ್‌ನದು.

ಚಿಂತಾಮಣಿಯಿಂದ:
'ಹಾಲೂಡಿಸು' ತಪ್ಪು. ಉಣ್ ಧಾತುವಿಗೆ ಪ್ರೇರಣೆ ಸೇರಿಯೇ ಊಡು ಆಗಿದೆ, ಮೇಲೊಂದು 'ಇಸು' ಯಾಕೆ? ಹಾಲೂಡು, ಇಲ್ಲವೇ ಹಾಲುಣಿಸು. 'ಕರಾವು' ಅಂತ ಯಾರೂ ಹೇಳದಿರಲಿ, ಕೋತಿಯ ಹಾಲು ಕರೆಯುವವರಿಲ್ಲ. ಗಿಣ್ಣು ಮಾತ್ರ ಬಿಡಬೇಡಿ. ಕಬ್ಬಿನ ಗಿಣ್ಣು ಇದ್ದಂತೆಯೇ ಇದು: ಗಂಟುಕಟ್ಟುವುದು.

ತಿಪಟೂರಿನಿಂದ:
ಕಬ್ಬಿಗೂ ಹಾಲಿಗೂ ಗಂಟು ಹಾಕಬೇಡಿ. ಸದ್ದು ಒಂದಾದರೆ ಬೇರು ಒಂದಾಗದು. ಜೀವಸತ್ವವನ್ನೂ ತೆಗೆಯಿರಿ, ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರ ಬಾಯಲ್ಲೂ ವಿಟಮಿನ್.

ಚಿಂತಾಮಣಿಯಿಂದ:
ಆ ಹೆಸರೇ ಎಡವಟ್ಟು. 1912ರಲ್ಲಿ ಫಂಕ್ ಎಂಬ ವಿಜ್ಞಾನಿ ಇವೆಲ್ಲವೂ 'ಅಮೈನ್' (ಸಾರಜನಕವಿರುವ ಒಂದು ಬಗೆಯ ಸಂಯುಕ್ತ) ಎಂದುಕೊಂಡು 'vitamine' ಅಂತ ಇಟ್ಟದ್ದು. ಅಲ್ಲವೆಂದು ಗೊತ್ತಾಗಿ 1920ರಲ್ಲಿ ಕೊನೆಯ 'e' ಅಕ್ಷರ ಕಿತ್ತರು. ಅವರೇ ಬಾಲ ಕತ್ತರಿಸಿದ ಪದವನ್ನು ನಾವು ಹೊರಬೇಕೇ? ಹಳೆಯ ಪಠ್ಯಗಳ ಅನ್ನಾಂಗಕ್ಕೆ ಏನಾಗಿದೆ?

ತಿಪಟೂರಿನಿಂದ:
ಏನೂ ಆಗಿಲ್ಲ. ಯಾರಿಗೂ ಅರ್ಥವಾಗಲ್ಲ, ಅಷ್ಟೇ.

ಕೋಲಾರದಿಂದ:
ಜಗಳದಲ್ಲಿ 'ಸಿ' ಮರೆತಿರಿ. ಮನುಷ್ಯರಂತೆ ಕೋತಿಯೂ ಅದನ್ನು ಮೈಯಲ್ಲಿ ತಯಾರಿಸಲಾರದು, ಅದಕ್ಕೆ ಬೇಕಾದ ಜೀನ್ ಕೆಟ್ಟಿದೆ. ತಾಯಿ ತಿಂದ ಹಣ್ಣು, ಸೊಪ್ಪಿನದೇ ಹಾಲಿಗೆ ಬರಬೇಕು. ಕಾಡುಪಾಪ ತಾನೇ ಮಾಡಿಕೊಳ್ಳುತ್ತೆ. ಬಿಸ್ಕತ್ತು ಎಸೆಯುವವರ ಮುಂದೆ ನಿಲ್ಲುವ ಫಲಕಕ್ಕೆ ಈ ಸಾಲು ಬೇಕೇ ಬೇಕು.

ತುಮಕೂರಿನಿಂದ:
ಕೊನೆಯ ರೂಪ: "ತಾಯಿಯ ಮೊದಲ ಹಾಲಿನಲ್ಲಿ ಎ, ಇ ವಿಟಮಿನ್ ಹೆಚ್ಚು, ಹಾಲುಣಿಸುವ ದಿನ ಕಳೆದಂತೆ ಕಡಿಮೆ. ಕೋತಿ ಹಾಲಿನ ಸಿ ವಿಟಮಿನ್ ತಾಯಿ ತಿಂದ ಹಣ್ಣು, ಸೊಪ್ಪಿನದು. ಕಾಡುಪಾಪ ತಾನೇ ತಯಾರಿಸಿಕೊಳ್ಳುತ್ತದೆ."

ಚಿಂತಾಮಣಿಯಿಂದ:
'ಹಾಲುಣಿಸುವ' ಸರಿ. 'ವಿಟಮಿನ್'ಗೆ ನನ್ನ ಒಪ್ಪಿಗೆ ಇಲ್ಲ.