‘ಪ್ಲೀಸ್ ಪ್ಲೀಸ್ ಮಿ’ ಎರಡನೆಯ ಸ್ಥಾನಕ್ಕೇ ನಿಂತಿತೇ?

ಬೆಳ್ಳಿತಟ್ಟೆ:
ಬ್ರಿಟನ್ನಿನ ಬೀಟಲ್ಸ್ ಗಾಯಕರ ತಂಡದ ‘1’ ಎಂಬ ಸಂಗ್ರಹ 2000ದಲ್ಲಿ ಬಂದಿತು. ಬ್ರಿಟನ್ ಅಥವಾ ಅಮೆರಿಕದಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿದ 27 ಹಾಡುಗಳು ಅದರಲ್ಲಿವೆ. 1962ರಲ್ಲಿ ಬ್ರಿಟನ್ನಿನಲ್ಲಿ 17ನೆಯ ಸ್ಥಾನಕ್ಕೇ ಉಸಿರು ಕಟ್ಟಿದ ‘ಲವ್ ಮಿ ಡು’ ಅಲ್ಲಿ ರಾಜಾರೋಷವಾಗಿ ಕುಳಿತಿದೆ. ಆದರೆ ತಂಡಕ್ಕೆ ನಿಜವಾಗಿ ಹೆಸರು ತಂದ ಎರಡನೆಯ ಸಿಂಗಲ್ (ಮಗ್ಗುಲಿಗೆ ಒಂದೇ ಹಾಡಿನ ಸಣ್ಣ ಧ್ವನಿತಟ್ಟೆ) ‘ಪ್ಲೀಸ್ ಪ್ಲೀಸ್ ಮಿ’ ನಾಪತ್ತೆ. ಇದು ಯಾವ ನ್ಯಾಯ?

ಲೆಕ್ಕಿಗ:
ನ್ಯಾಯದ ಮಾತಲ್ಲ, ಪಟ್ಟಿಯ ಮಾತು. 1963ರಲ್ಲಿ ಬ್ರಿಟನ್ನಿಗೆ ಒಂದೇ ಅಧಿಕೃತ ಪಟ್ಟಿ ಎಂಬುದು ಇರಲಿಲ್ಲ. ‘ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್’, ‘ಮೆಲೋಡಿ ಮೇಕರ್’ ಪತ್ರಿಕೆಗಳು ಈ ಹಾಡಿಗೆ ಮೊದಲ ಸ್ಥಾನ ಕೊಟ್ಟವು. ‘ರೆಕಾರ್ಡ್ ರೀಟೇಲರ್’ ಮಾತ್ರ ಎರಡನೆಯ ಸ್ಥಾನ ಕೊಟ್ಟಿತು. ಅದು ಅಂಗಡಿಕಾರರಿಗಾಗಿ ಬರುತ್ತಿದ್ದ ವ್ಯಾಪಾರ ಪತ್ರಿಕೆ, ಆಗ ಲೆಕ್ಕ ತರಿಸುತ್ತಿದ್ದ ಅಂಗಡಿಗಳೂ ಕಡಿಮೆ. ಆದರೆ ಮುಂದೆ ದಾಖಲೆಯ ಪುಸ್ತಕ ಬರೆದವರು ಆ ವರ್ಷಗಳಿಗೆ ಅದರ ಪಟ್ಟಿಯನ್ನೇ ಹಿಡಿದರು. ‘ಲವ್ ಮಿ ಡು’ ಒಳಗೆ ಬಂದದ್ದು 1964ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ ಪಡೆದ ಕಾರಣಕ್ಕೆ.

ತಂತಿಸ್ವರ:
ಸ್ಥಾನ ಏನೇ ಇರಲಿ, ಗೆಲುವಿನ ಯಜಮಾನ ತಂಡದ ಧ್ವನಿಮುದ್ರಣ ಮಾಡಿಸಿದ ನಿರ್ಮಾಪಕ ಜಾರ್ಜ್ ಮಾರ್ಟಿನ್. ತಂಡದ ಜಾನ್ ಲೆನನ್ ಈ ಹಾಡನ್ನು ಕಟ್ಟಿದ್ದು ಅಮೆರಿಕದ ಗಾಯಕ ರಾಯ್ ಆರ್ಬಿಸನ್ ಧಾಟಿಯಲ್ಲಿ, ನಿಧಾನವಾಗಿ, ಎಳೆದೆಳೆದು. ಮಾರ್ಟಿನ್ ಕೇಳಿ ಆಕಳಿಸಿರಬೇಕು. ವೇಗ ಹೆಚ್ಚಿಸಿಕೊಂಡು ಬನ್ನಿ ಎಂದರು. 1962ರ ನವೆಂಬರ್ 26ರಂದು ಹುಡುಗರು ಹಾರ್ಮೋನಿಕಾ ಸೇರಿಸಿ, ಓಟ ಕೊಟ್ಟು ಮತ್ತೆ ನುಡಿಸಿದಾಗ ಅವರೇ ಒಳಕೋಣೆಯಿಂದ ಹೇಳಿದರು: ಇದು ನಿಮ್ಮ ಮೊದಲ ನಂಬರ್ ಒನ್. ಅಲ್ಲಿಯವರೆಗೆ ಪೀಟರ್ ಸೆಲ್ಲರ್ಸ್‌ನಂಥವರ ಹಾಸ್ಯದ ತಟ್ಟೆಗಳಿಗೆ ಹೆಸರಾಗಿದ್ದ ಮನುಷ್ಯನ ಕಿವಿ ಅದು!

ಜಗುಲಿಕಟ್ಟೆ:
ಆ ಕಿವಿಯ ಇನ್ನೊಂದು ಕಥೆಯನ್ನೂ ಹೇಳಿಬಿಡಿ. ಅದೇ ಮಾರ್ಟಿನ್ ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲಿ, ಈ ಹುಡುಗರ ಕೈಗೆ ಮಿಚ್ ಮರ್‍ರೆ ಬರೆದ ‘ಹೌ ಡು ಯು ಡು ಇಟ್’ ಕೊಟ್ಟು, ಇದೇ ನಿಮ್ಮ ಸಿಂಗಲ್ ಆಗಲಿ ಎಂದು ಬಯಸಿದ್ದರು. ಅವರು ಮನಸ್ಸಿಲ್ಲದೆ ಹಾಡಿ ಕೊಟ್ಟರು, ಆಮೇಲೆ ನಮ್ಮ ಹಾಡೇ ಬೇಕು ಎಂದು ಹಟ ಹಿಡಿದರು. ತಮ್ಮದೇ ಆದ ಒಂದೇ ಒಂದು ತಟ್ಟೆ ಹೊರಗೆ ಬಂದಿರದ ಲಿವರ್‌ಪೂಲ್‌ನ ಹುಡುಗರು, ಎದುರಿಗೆ ಇಎಂಐ ಎಂಬ ದೊಡ್ಡ ಧ್ವನಿತಟ್ಟೆ ಕಂಪನಿಯ ನಿರ್ಮಾಪಕ. ಆ ಹಟವೇ ಈ ತಂಡ.

ತಂತಿಸ್ವರ:
ಆ ಹಾಡು ಮುಂದೆ ಏನಾಯಿತು ಎಂಬುದನ್ನು ನುಂಗಿಕೊಂಡಿರಲ್ಲ! ಜೆರ್‍ರಿ ಮತ್ತು ಪೇಸ್‌ಮೇಕರ್ಸ್ ಅದನ್ನೇ ಹಾಡಿ 1963ರ ಏಪ್ರಿಲ್‌ನಲ್ಲಿ ಮೊದಲ ಸ್ಥಾನಕ್ಕೆ ಏರಿದರು, ಎಲ್ಲ ಪಟ್ಟಿಗಳಲ್ಲಿಯೂ. ಮಾರ್ಟಿನ್ ಅಲ್ಲಿಯೂ ತಪ್ಪಿರಲಿಲ್ಲ.

ಜಗುಲಿಕಟ್ಟೆ:
ಒಪ್ಪಿದೆ, ತಪ್ಪಿರಲಿಲ್ಲ. ಅದಕ್ಕೇ ಹಟಕ್ಕೆ ಬೆಲೆ. ಸೋಲುವ ಹಾಡನ್ನು ಬೇಡ ಎನ್ನುವುದು ಯಾರಿಗೂ ಸುಲಭ. ಗೆಲ್ಲುವ ಹಾಡನ್ನು ಬೇಡ ಎಂದರು ನೋಡಿ.

ಹಿಮಗಾಲ:
ನೀವಿಬ್ಬರೂ ಸ್ಟುಡಿಯೊ ಬಿಟ್ಟು ಹೊರಗೆ ಬರುವುದೇ ಇಲ್ಲ. ಸಿಂಗಲ್ ಬಿಡುಗಡೆಯಾದದ್ದು 1963ರ ಜನವರಿ 11ರಂದು. ಆ ಚಳಿಗಾಲ ಬ್ರಿಟನ್ ಹಿಮದಲ್ಲಿ ಹೂತುಹೋಗಿತ್ತು. ಹಾಡಿನ ಪ್ರಕಾಶಕ ಡಿಕ್ ಜೇಮ್ಸ್ ‘ಥ್ಯಾಂಕ್ ಯುವರ್ ಲಕ್ಕಿ ಸ್ಟಾರ್ಸ್’ ಎಂಬ ಟಿವಿ ಕಾರ್ಯಕ್ರಮದ ನಿರ್ಮಾಪಕರಿಗೆ ಫೋನಿನಲ್ಲೇ ತಟ್ಟೆ ಕೇಳಿಸಿ ಜಾಗ ಗಿಟ್ಟಿಸಿದರು. ಜನವರಿ 19ರ ಶನಿವಾರ ಸಂಜೆ ಅದು ಪ್ರಸಾರವಾದಾಗ ಜನ ಮನೆಯಲ್ಲಿ ಬೆಂಕಿ ಕಾಯಿಸುತ್ತ ಟಿವಿ ಮುಂದೆ ಕುಳಿತಿದ್ದರು.

ಲೆಕ್ಕಿಗ:
ಹಿಮ ಎಲ್ಲ ಗಾಯಕರ ಮೇಲೂ ಬಿದ್ದಿತ್ತು.

ಹಿಮಗಾಲ:
ಚೆನ್ನಾಗಿದೆ, ನಕ್ಕೆ. ಆದರೆ ಅಮೆರಿಕದ ಲೆಕ್ಕ ಹೇಳಿ. ಇಎಂಐಯದೇ ಆದ ಕ್ಯಾಪಿಟಲ್ ಕಂಪನಿ ಈ ತಟ್ಟೆ ಬೇಡ ಎಂದಿತು. ಶಿಕಾಗೋದ ವೀ-ಜೇ ಎಂಬ ಸಣ್ಣ ಕಂಪನಿ 1963ರ ಫೆಬ್ರವರಿಯಲ್ಲಿ ತಂದಿತು. ಲೇಬಲ್ಲಿನ ಮೇಲೆ ತಂಡದ ಹೆಸರಿಗೆ ಒಂದು ‘ಟಿ’ ಹೆಚ್ಚು ಸೇರಿಸಿತ್ತು. ಯಾರೂ ಕೊಳ್ಳಲಿಲ್ಲ. 1964ರಲ್ಲಿ ಅದೇ ಹಾಡು, ಅದೇ ವೇಗ, ಅದೇ ಹಾರ್ಮೋನಿಕಾ ಅಲ್ಲಿ ಮೂರನೆಯ ಸ್ಥಾನಕ್ಕೆ ಏರಿತು. ನಡುವೆ ಬದಲಾದದ್ದು ಹಾಡಲ್ಲ, ಕೇಳುವವರಿಗೆ ಆ ಹೆಸರು ಗೊತ್ತಾಗಿತ್ತು, ಅಷ್ಟೆ.

ತಂತಿಸ್ವರ:
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಾಳೆ ಹುಡುಕುತ್ತೇನೆ.

ಬೆಳ್ಳಿತಟ್ಟೆ:
ಡಿಕ್ ಜೇಮ್ಸ್ ಹೆಸರು ಬಂದದ್ದರಿಂದ ಒಂದು ಮಾತು. ಆ ಫೋನ್ ಕರೆ ಬಿಟ್ಟಿಯಲ್ಲ. ಕೆಲವೇ ವಾರಗಳಲ್ಲಿ ‘ನಾರ್ದರ್ನ್ ಸಾಂಗ್ಸ್’ ಎಂಬ ಪ್ರಕಾಶನ ಕಂಪನಿ ಹುಟ್ಟಿತು, ಅದರ ಹಿಡಿತ ಜೇಮ್ಸ್ ಮತ್ತು ಅವರ ಪಾಲುದಾರರ ಕೈಯಲ್ಲಿತ್ತು. 1969ರಲ್ಲಿ ಅವರು ತಮ್ಮ ಪಾಲನ್ನು ಎಟಿವಿ ಎಂಬ ಟಿವಿ ಕಂಪನಿಗೆ ಮಾರಿದರು. ಬರೆದವರ ಹಾಡು ಬರೆದವರ ಕೈ ತಪ್ಪಿತು. ಇತ್ತ ಇಎಂಐ ಕೊಡುತ್ತಿದ್ದದ್ದು ಸಿಂಗಲ್ ಒಂದಕ್ಕೆ ಒಂದು ಪೆನ್ನಿ, ಅದನ್ನೂ ನಾಲ್ವರು ಹಂಚಿಕೊಳ್ಳಬೇಕು, ಮೇಲೆ ಮ್ಯಾನೇಜರ್ ಎಪ್‌ಸ್ಟೈನ್ ಪಾಲು ಬೇರೆ. ಮೊದಲ ಗೆಲುವಿನ ಸಂಭ್ರಮದಲ್ಲಿ ಹಾಕಿದ ಸಹಿ ಎಷ್ಟು ದುಬಾರಿ ನೋಡಿ.

ಮದುವೆಮನೆ ಗಾಯಕ:
ನಾನು ವಾದ್ಯಗೋಷ್ಠಿಯಲ್ಲಿ ಹಾಡುವವನು, ಪಟ್ಟಿಯ ಜಗಳ ನನಗೆ ತಿಳಿಯದು. ನನ್ನನ್ನು ಬೆರಗುಗೊಳಿಸುವುದು ಇದೇ ಹೆಸರಿನ ಎಲ್‌ಪಿ, ಅಂದರೆ ಹಲವು ಹಾಡುಗಳ ದೊಡ್ಡ ತಟ್ಟೆ. ಸಿಂಗಲ್ ಓಡುತ್ತಿದೆ, ಬೇಗ ಎಲ್‌ಪಿ ಬೇಕು ಎಂದು ಫೆಬ್ರವರಿ 11ರಂದು ಅವರನ್ನು ಲಂಡನ್ನಿನ ಅಬ್ಬಿ ರೋಡ್ ಸ್ಟುಡಿಯೊಗೆ ಕರೆಸಿದರು. 14 ಹಾಡುಗಳಲ್ಲಿ ನಾಲ್ಕು ಹಳೆಯ ಸಿಂಗಲ್‌ಗಳಿಂದ ಬಂದವು. ಉಳಿದ 10 ಅದೊಂದೇ ದಿನ, ಬೆಳಗ್ಗೆ ಹತ್ತರಿಂದ ರಾತ್ರಿ ಹನ್ನೊಂದರ ಒಳಗೆ. ಲೆನನ್‌ಗೆ ನೆಗಡಿ. ಗಂಟಲು ಹರಿಯುವ ‘ಟ್ವಿಸ್ಟ್ ಆ್ಯಂಡ್ ಶೌಟ್’ ಅನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡರು. ಒಂದೇ ಸಲ ಹಾಡಿದ್ದು ತಟ್ಟೆಯಲ್ಲಿದೆ; ಎರಡನೆಯ ಪ್ರಯತ್ನಕ್ಕೆ ದನಿಯೇ ಉಳಿದಿರಲಿಲ್ಲ. ನೆಗಡಿಯಲ್ಲಿ ಮೂರು ಗಂಟೆ ಹಾಡಿದ ಮರುದಿನ ನಾನು ಸನ್ನೆಯಲ್ಲಿ ಕಾಫಿ ಕೇಳಿದ್ದೇನೆ. ಹ್ಯಾಂಬರ್ಗ್‌ನ ಕ್ಲಬ್ಬುಗಳಲ್ಲಿ ರಾತ್ರಿಗಟ್ಟಲೆ ದುಡಿದ ಗಂಟಲಾದ್ದರಿಂದ ಅಷ್ಟಾದರೂ ತಡೆಯಿತು.

ಲೆಕ್ಕಿಗ:
ಆ ಕಾಲಕ್ಕೆ ಮೂರು ಗಂಟೆಯ ಅವಧಿಯಲ್ಲಿ ಮೂರ್ನಾಲ್ಕು ಹಾಡು ಮುಗಿಸುವುದು ಸಾಮಾನ್ಯವೇ ಆಗಿತ್ತು, ಅದನ್ನು ಪವಾಡ ಮಾಡಬೇಡಿ. ಆದರೆ ಗಂಟಲಿನ ಮಾತಿಗೆ ನನ್ನ ತಕರಾರಿಲ್ಲ. ಅಂದಹಾಗೆ, ಮಾರ್ಚ್ 22ಕ್ಕೆ ಬಂದ ಆ ಎಲ್‌ಪಿ ಅದೇ ‘ರೆಕಾರ್ಡ್ ರೀಟೇಲರ್’ ಪಟ್ಟಿಯಲ್ಲಿ 30 ವಾರ ಮೊದಲ ಸ್ಥಾನದಲ್ಲಿತ್ತು. ಇಳಿಸಿದ್ದು ಅವರದೇ ಮುಂದಿನ ಎಲ್‌ಪಿ.

ಹೊಸಬ:
ಚರ್ಚೆಯ ನಡುವೆ ತಲೆಹಾಕುತ್ತಿದ್ದೇನೆ, ಕ್ಷಮಿಸಿ. ಚಿಕ್ಕಪ್ಪನ ಪೆಟ್ಟಿಗೆಯಲ್ಲಿ ಸಿಕ್ಕ ಈ ಎಲ್‌ಪಿಯ ಮೇಲೆ ಹಾಡು ಬರೆದವರ ಹೆಸರು ‘ಮ್ಯಾಕಾರ್ಟ್ನಿ–ಲೆನನ್’ ಎಂದಿದೆ. ಅಚ್ಚಿನ ತಪ್ಪೇ?

ಬೆಳ್ಳಿತಟ್ಟೆ:
ತಪ್ಪಲ್ಲ. ಆ ಎಲ್‌ಪಿಯಲ್ಲಿ ಹೆಸರುಗಳು ಹಾಗೆಯೇ ಇದ್ದವು, ‘ಲೆನನ್–ಮ್ಯಾಕಾರ್ಟ್ನಿ’ ಎಂದು ತಿರುಗಿದ್ದು ಆಮೇಲೆ. ಪೆಟ್ಟಿಗೆಯ ತಳವನ್ನೂ ನೋಡಿ. ನಮ್ಮ ದೇಶದ, ಕಲ್ಕತ್ತೆಯ ಬಳಿಯ ಡಂಡಂ ಕಾರ್ಖಾನೆ ಆಗಲೂ 78 ಸುತ್ತಿನ ಅರಗಿನ ತಟ್ಟೆ ಒತ್ತುತ್ತಿತ್ತು, ಬೀಟಲ್ಸ್ ಹಾಡುಗಳನ್ನೂ ಒತ್ತಿದೆ. ಸಿಕ್ಕರೆ ಸಂಗ್ರಾಹಕರು ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ.

ಹೊಸಬ:
ಅದಿಲ್ಲ. ‘ಲವ್ ಮಿ ಡು’ ಸಿಂಗಲ್ ಒಂದಿದೆ. ಅದರಲ್ಲಿ ಡ್ರಮ್ ನುಡಿಸಿದ್ದು ತಂಡದ ಡ್ರಮ್ಮರ್ ರಿಂಗೊ ಅಲ್ಲ ಎನ್ನುತ್ತಾರೆ, ನಿಜವೇ?

ತಂತಿಸ್ವರ:
ಕಂಜಿರದಂಥ ಟ್ಯಾಂಬೊರಿನ್ ಸದ್ದು ಕೇಳಿಸುತ್ತದೆಯೇ ನೋಡಿ. ಕೇಳಿಸದಿದ್ದರೆ ಡ್ರಮ್ ರಿಂಗೊನದು, 1962ರ ಮೊದಲ ಮುದ್ರಣಗಳಲ್ಲಿ ಇದ್ದದ್ದು ಅದೇ. ಕೇಳಿಸಿದರೆ ಡ್ರಮ್ ನುಡಿಸಿದವರು ಬಾಡಿಗೆಗೆ ಬಂದ ಆ್ಯಂಡಿ ವೈಟ್, ಟ್ಯಾಂಬೊರಿನ್ ಆಡಿಸಿದ್ದು ರಿಂಗೊ. ಅಮೆರಿಕದಲ್ಲಿ ನಂಬರ್ ಒನ್ ಆದದ್ದು ಈ ಎರಡನೆಯದು.