ಎದುರು ಮನೆಯ ಮಲ್ಲಿಗೆ ಹಸಿರು, ನಮ್ಮದು ಯಾಕೆ ಹಳದಿ?

ಪ್ರಶ್ನೆ (ರಾಯಚೂರು): ಸರ್, ನಮಸ್ಕಾರ. ನಮ್ಮ ಓಣಿಯ ಒಂದು ಖಾಲಿ ಸೈಟಿನಲ್ಲಿ ಮನೆ ಕಟ್ಟಿ ಎರಡು ವರ್ಷ ಆಯಿತು. ಮನೆ ಮುಂದೆ ಎರಡು ಮಲ್ಲಿಗೆ, ಒಂದು ಗುಲಾಬಿ ಹಚ್ಚಿದ್ದೇನೆ. ಎದುರು ಮನೆಯ ಅಕ್ಕನೂ ನಾನೂ ಒಂದೇ ದಿನ, ಒಂದೇ ನರ್ಸರಿಯಿಂದ ಗಿಡ ತಂದಿದ್ದು. ಅವರ ಮಲ್ಲಿಗೆ ಬಳ್ಳಿ ತುಂಬಾ ಮೊಗ್ಗು. ನಮ್ಮದು ಚಿಗುರು ಬಂದ ಹಾಗೇ ಹಳದಿ ಆಗುತ್ತಿದೆ. ದಿನಾ ಎರಡು ಹೊತ್ತು ನೀರು ಹಾಕುತ್ತೇನೆ, ಸಗಣಿ ಗೊಬ್ಬರವನ್ನೂ ಕೊಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ (ತೋಟಗಾರಿಕೆ ತಜ್ಞ): ನಮಸ್ಕಾರ ಮೇಡಂ. ಗಿಡ ಬಿಡಿ, ಮೊದಲು ಜಾಗದ ಬಗ್ಗೆ ಹೇಳಿ. ನಿಮ್ಮ ಮನೆ ಯಾವ ದಿಕ್ಕಿಗೆ? ನೀರು ಬೋರಿನದೋ ನಲ್ಲಿಯದೋ? ಸೈಟಿಗೆ ಹೊರಗಿನ ಮಣ್ಣು ತುಂಬಿಸಿದ್ದಿರಾ? ಎಲೆ ಪೂರ್ತಿ ಹಳದಿಯೋ, ನರ ಮಾತ್ರ ಹಸಿರಾಗಿ ಉಳಿದಿದೆಯೋ?

ಪ್ರಶ್ನೆ ಕೇಳಿದವರು: ಮನೆ ಪಶ್ಚಿಮಕ್ಕೆ ಸರ್. ಬೋರಿನ ನೀರು, ಬಕೆಟ್ಟಿನಲ್ಲಿ ಬಿಳಿ ಕಲೆ ಕೂರುತ್ತದೆ. ತಗ್ಗು ಸೈಟು ಅಂತ ಗರಸು ತುಂಬಿಸಿದ್ದೆವು. ಕಟ್ಟುವಾಗ ಉಳಿದ ಇಟ್ಟಿಗೆ ಚೂರು, ಸಿಮೆಂಟು ಕೂಡ ಅಲ್ಲೇ ಬಿದ್ದಿದೆ. ಎಲೆ ಹಳದಿ, ನರ ಹಸಿರು. ಎದುರು ಅಕ್ಕನದು ಹಳೇ ಮನೆ, ನಲ್ಲಿ ನೀರನ್ನು ಹಿಡಿದಿಟ್ಟು ಹಾಕುತ್ತಾರೆ.

ಉತ್ತರ: ನಿಮ್ಮದು ಒಂದೇ ಓಣಿ, ಆದರೆ ಗಿಡದ ಮಟ್ಟಿಗೆ ಅದು ಎರಡು ಬೇರೆ ಊರು.

ಎದುರು ಅಕ್ಕನ ಮನೆ ಪೂರ್ವಕ್ಕೆ ಮುಖ ಅಲ್ವಾ? ಅವರ ಮಲ್ಲಿಗೆಗೆ ಬೆಳಗಿನ ಬಿಸಿಲು. ಮಧ್ಯಾಹ್ನ ಮೇಲೆ ಮನೆಯ ನೆರಳೇ ಬೀಳುತ್ತದೆ. ನಿಮ್ಮ ಗಿಡಕ್ಕೆ ಮಧ್ಯಾಹ್ನದಿಂದ ಸಂಜೆವರೆಗೆ ಎದುರು ಬಿಸಿಲು, ಹಿಂದೆ ಗೋಡೆಯ ಝಳ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುವುದು ನಮಗೆಲ್ಲ ಗೊತ್ತು. ಆಗ ರಾತ್ರಿ ಎಂಟು ಗಂಟೆಗೆ ಆ ಗೋಡೆಗೆ ಅಂಗೈ ಇಟ್ಟು ನೋಡಿ. ಇನ್ನೂ ಬಿಸಿ ಇರುತ್ತದೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಅದೂ ಕಾವು ಬಿಡುತ್ತಾ ಇರುತ್ತದೆ. ಮಲ್ಲಿಗೆಗೆ ಬಿಸಿಲು ಬೇಕು ನಿಜ. ಆದರೆ ರಾತ್ರಿಯೂ ತಂಪು ಸಿಗದಿದ್ದರೆ ಅದು ಸುಸ್ತಾಗುತ್ತದೆ.

ಹಳದಿಗೆ ದೊಡ್ಡ ಕಾರಣ ಮಣ್ಣಿನಲ್ಲಿದೆ. ಹೊಸ ಎಲೆ ಹಳದಿಯಾಗಿ ನರ ಹಸಿರು ಉಳಿದರೆ ಅದು ಸಾಮಾನ್ಯವಾಗಿ ಕಬ್ಬಿಣದ ಕೊರತೆ. ಸಾರಜನಕ ಕಡಿಮೆಯಾದರೆ ಹಳೇ ಎಲೆ ಮೊದಲು ಹಳದಿಯಾಗುತ್ತದೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಸುಣ್ಣ ಜಾಸ್ತಿ ಇದ್ದಾಗ ಬೇರಿಗೆ ಅದು ಸಿಗುವುದಿಲ್ಲ. ನಮ್ಮ ಕಡೆಯ ಎರೆ (ಕಪ್ಪು) ಮಣ್ಣಿನಲ್ಲಿ ಮೊದಲೇ ಸುಣ್ಣದ ಹರಳು ಇರುತ್ತದೆ. ನೀವು ಅದರ ಮೇಲೆ ಸಿಮೆಂಟಿನ ಚೂರು ಸೇರಿಸಿದ್ದೀರಿ. ಬೋರಿನ ನೀರಿನ ಬಿಳಿ ಕಲೆಯೂ ಹೆಚ್ಚಾಗಿ ಸುಣ್ಣವೇ. ದಿನಾ ಎರಡು ಹೊತ್ತು ಆ ನೀರು ಹಾಕಿದರೆ ಮಣ್ಣಿಗೆ ಸುಣ್ಣವೂ ಸೇರುತ್ತದೆ, ಬೇರಿನ ಹತ್ತಿರ ಗಾಳಿಯೂ ಆಡುವುದಿಲ್ಲ. ಅದರಿಂದ ಹಳದಿ ಇನ್ನೂ ಹೆಚ್ಚುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಗಿಡದ ಬುಡದಿಂದ ಒಂದು ಗೇಣು ಆಳದ ಮಣ್ಣು ತೆಗೆದು ಒಣಗಿಸಿ. ಅದರ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಬುಸುಬುಸು ನೊರೆ ಬಂದರೆ ಸುಣ್ಣ ಇದೆ.

ಗುಂಪಿನ ಇನ್ನೊಬ್ಬ ಸದಸ್ಯರು: ಅಕ್ಕಾ, ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ, ಜೊತೆಗೆ ಸ್ವಲ್ಪ ಬೂದಿ. ನಾನು ಯೂಟ್ಯೂಬಿನಲ್ಲಿ ನೋಡಿದ್ದೆ, ತೀರ್ಥಹಳ್ಳಿ ಕಡೆಯವರು ಹೇಳಿದ್ದು.

ಉತ್ತರ: ದಯವಿಟ್ಟು ಹಾಕಬೇಡಿ. ಆ ಮಾತು ಅವರ ಊರಿಗೆ ಸರಿ. ಮಲೆನಾಡಿನಲ್ಲಿ ಸುರಿಯುವ ಮಳೆ ಮಣ್ಣಿನ ಸುಣ್ಣವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಅಲ್ಲಿನ ಮಣ್ಣು ಹುಳಿ. ಅದಕ್ಕೇ ಅವರು ಸುಣ್ಣ ಕೊಡುತ್ತಾರೆ. ಮೊಟ್ಟೆ ಸಿಪ್ಪೆ ಅಂದರೆ ಸುಣ್ಣವೇ. ಬೂದಿಯೂ ಹುಳಿ ಕಡಿಮೆ ಮಾಡುತ್ತದೆ. ನಮ್ಮಲ್ಲಿ ಅವೆರಡೂ ಇರುವ ತೊಂದರೆಗೆ ಇನ್ನಷ್ಟು ಸೇರಿಸಿದ ಹಾಗೆ. ನನ್ನ ಹತ್ತಿರ ಬರುವ ಹಳದಿ ಗಿಡಗಳ ಬುಡದಲ್ಲಿ ಎಷ್ಟೋ ಸಲ ಬೂದಿ ಕಂಡಿದ್ದೇನೆ, ಬೇಜಾರಾಗುತ್ತದೆ. ಪ್ರೀತಿಯಿಂದ ಹಾಕಿರುತ್ತಾರೆ.

ಪ್ರಶ್ನೆ (ಬಳ್ಳಾರಿ): ಸರ್, ನಮ್ಮ ಮನೆ ಗುಡ್ಡದ ಬುಡದಲ್ಲಿ, ಪೂರ್ವದ ಮಗ್ಗುಲಿಗೆ. ಹಿತ್ತಲಲ್ಲಿ ಒಂದು ಅಡಿ ಅಗೆದರೆ ಬಂಡೆ. ಕರಿಬೇವು, ನುಗ್ಗೆ ಹಚ್ಚಬೇಕು ಅಂತ ಆಸೆ. ಮಾಳಿಗೆ ಮೇಲೆ ಕುಂಡದಲ್ಲಿ ಇಟ್ಟ ಟೊಮೆಟೊ ಬೇಸಿಗೆಯಲ್ಲಿ ಹೂ ಬಿಟ್ಟು ಉದುರಿಹೋಯಿತು.

ಉತ್ತರ: ನಿಮಗೆ ಒಂದು ಲಾಭ ಇದೆ. ಗುಡ್ಡ ನಿಮ್ಮ ಪಶ್ಚಿಮಕ್ಕಿದೆ, ಹಾಗಾಗಿ ಊರಿನ ಬೇರೆಯವರಿಗಿಂತ ಮೊದಲೇ ಸಂಜೆ ನೆರಳು ಬೀಳುತ್ತದೆ. ಗುಡ್ಡದ ಆಚೆ ಮಗ್ಗುಲಿನವರಿಗೆ ಆ ಭಾಗ್ಯ ಇಲ್ಲ. ಆದರೆ ಬಂಡೆ ಕಾದರೆ ಬೇಗ ಆರುವುದಿಲ್ಲ, ಅದಕ್ಕೆ ಒಂದೆರಡು ಅಡಿ ದೂರ ಬಿಟ್ಟೇ ಗಿಡ ಹಚ್ಚಿ.

ಬಂಡೆ ಒಡೆದು ಗುಂಡಿ ಮಾಡಬೇಡಿ. ಅದು ಬಾನಿ ಆಗುತ್ತದೆ, ಮಳೆ ನೀರು ನಿಂತು ಬೇರು ಕೊಳೆಯುತ್ತದೆ. ಅದರ ಬದಲು ಕಲ್ಲು ಜೋಡಿಸಿ ಎರಡು ಅಡಿ ಎತ್ತರದ ಕಟ್ಟೆ ಮಾಡಿ, ಮಸಾರಿ (ಕೆಂಪು) ಮಣ್ಣು ಮತ್ತು ಗೊಬ್ಬರ ತುಂಬಿ. ಕರಿಬೇವು ಚೆನ್ನಾಗಿ ಬರುತ್ತದೆ. ನುಗ್ಗೆ ಬೇಡ ಅನ್ನುತ್ತೇನೆ. ಬೇರು ಆಳಕ್ಕೆ ಹೋಗದ ನುಗ್ಗೆ ಆಷಾಢದ ಗಾಳಿಗೆ ನಿಲ್ಲುವುದಿಲ್ಲ. ನಮ್ಮ ಕಡೆ ಜೂನ್, ಜುಲೈನಲ್ಲಿ ಮಳೆಗಿಂತ ಗಾಳಿಯೇ ಜಾಸ್ತಿ ಅಲ್ವಾ? ಅದಕ್ಕೇ ಹೊಸ ಗಿಡವನ್ನು ನಾನು ಆಗಸ್ಟ್, ಸೆಪ್ಟೆಂಬರಿನ ಮಳೆಗೆ ಹಚ್ಚಿಸುತ್ತೇನೆ.

ಟೊಮೆಟೊ ವಿಷಯದಲ್ಲಿ ನಿಮ್ಮ ತಪ್ಪಿಲ್ಲ. ಅಷ್ಟು ಸೆಕೆಯಲ್ಲಿ ಅದು ಕಾಯಿ ಕಚ್ಚುವುದಿಲ್ಲ. ಚಳಿಗಾಲಕ್ಕೆ ಬೆಳೆಸಿ. ಮಾರ್ಚಿನಿಂದ ಮಳೆವರೆಗೆ 50 ಪರ್ಸೆಂಟ್ ನೆರಳು ಬಲೆ ಕಟ್ಟಿ. ಕುಂಡಗಳನ್ನು ಇಟ್ಟಿಗೆ ಮೇಲೆ, ಒಂದಕ್ಕೊಂದು ತಾಗಿಸಿ ಇಡಿ. ಕುಂಡಕ್ಕೆ ಬರೀ ಎರೆ ಮಣ್ಣು ತುಂಬಬೇಡಿ. ಒಣಗಿದಾಗ ಅದು ಕುಗ್ಗಿ ಅಂಚು ಬಿಡುತ್ತದೆ, ಹಾಕಿದ ನೀರೆಲ್ಲ ಆ ಸಂದಿಯಲ್ಲೇ ಇಳಿದುಹೋಗುತ್ತದೆ.

ಪ್ರಶ್ನೆ (ಸಿಂಧನೂರು): ಸರ್, ನಮ್ಮದು ಕಾಲುವೆ ಪಕ್ಕದ ಜಾಗ. ಮಣ್ಣು ಸವಳು, ಮೇಲೆ ಬಿಳಿ ಪುಡಿ ಏಳುತ್ತದೆ. ಜಿಪ್ಸಂ ಹಾಕಲಾ?

ಉತ್ತರ: ಪರೀಕ್ಷೆ ಮಾಡಿಸದೆ ಬೇಡ. ಸೋಡಿಯಂ ಜಾಸ್ತಿ ಇದ್ದರೆ ಜಿಪ್ಸಂ ಕೆಲಸ ಮಾಡುತ್ತದೆ. ಬರೀ ಉಪ್ಪು ಇದ್ದರೆ ಒಳ್ಳೆ ನೀರಿನಿಂದ ತೊಳೆದು ಕೆಳಗೆ ಕಳಿಸಬೇಕು. ಎರಡಕ್ಕೂ ಬಸಿಗಾಲುವೆ ಮೊದಲು. ನೀರು ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಏನು ಹಾಕಿದರೂ ಉಪ್ಪು ಮತ್ತೆ ಮೇಲೆ ಬರುತ್ತದೆ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆ ಮಾಡಿಸಿ. ಅಲ್ಲಿವರೆಗೆ ಬಾರೆ, ಚಿಕ್ಕು, ತೆಂಗು, ಹೊಂಗೆ ನೋಡಿ, ಇವು ಉಪ್ಪು ತಡೆಯುತ್ತವೆ. ನಿಂಬೆ ತಡೆಯುವುದಿಲ್ಲ. ಹಾಂ, ಆರ್‌ಒ ಮಷೀನಿನಿಂದ ಹೊರಗೆ ಬೀಳುವ ನೀರನ್ನು ಗಿಡಕ್ಕೆ ಹಾಕಬೇಡಿ. ಅದರಲ್ಲಿ ಉಪ್ಪು ಇನ್ನೂ ಗಟ್ಟಿಯಾಗಿರುತ್ತದೆ.

ಮೊದಲು ಕೇಳಿದವರು (ರಾಯಚೂರು): ಸರ್, ವಿನೆಗರ್ ಹಾಕಿದೆ. ಸೋಡಾ ಥರ ನೊರೆ ಬಂತು! ಈಗ ಮಲ್ಲಿಗೆ ಕಿತ್ತು ಬಿಸಾಡಲಾ?

ಉತ್ತರ: ಬೇಡ ಮೇಡಂ, ಉಳಿಯುತ್ತದೆ. ಒಂದು ಲೀಟರ್ ನೀರಿಗೆ 1 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಆಮೇಲೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್, ಕಬ್ಬಿಣದ ಲವಣ) ಹಾಕಿ. ಸಂಜೆ ತಂಪು ಹೊತ್ತಿನಲ್ಲಿ ಎಲೆಗೆ ಸಿಂಪಡಿಸಿ. ಹತ್ತು ದಿನ ಬಿಟ್ಟು ಇನ್ನೊಂದು ಸಲ. ಅನ್ನಭೇದಿಯನ್ನು ಬುಡಕ್ಕೆ ಹಾಕಿದರೆ ಸುಣ್ಣದ ಮಣ್ಣು ಅದನ್ನು ಕಟ್ಟಿಹಾಕುತ್ತದೆ, ದುಡ್ಡು ದಂಡ. ಗೋಡೆಗೆ ಬಿದ್ದರೆ ತುಕ್ಕಿನ ಕಲೆ ಆಗುತ್ತದೆ, ಹಿಂದೆ ಗೋಣಿಚೀಲ ಹಿಡಿದುಕೊಳ್ಳಿ.

ನೀರು ಎರಡು ದಿನಕ್ಕೊಮ್ಮೆ, ಬೆಳಿಗ್ಗೆ, ಆಳಕ್ಕೆ ಇಳಿಯುವಷ್ಟು. ಬೆರಳು ಚುಚ್ಚಿ ನೋಡಿ, ಒಳಗೆ ಹಸಿ ಇದ್ದರೆ ಅವತ್ತು ಬಿಡಿ. ಬುಡಕ್ಕೆ ಶೇಂಗಾ ಹೊಟ್ಟು ಮೂರು ಬೆರಳು ದಪ್ಪ ಹಾಸಿ, ಕಾಂಡಕ್ಕೆ ತಾಗದ ಹಾಗೆ.

ಮಳೆ ಬಂದ ಮೇಲೆ ಎರಡು ಅಡಿ ಅಗಲ ಅಗೆದು ಇಟ್ಟಿಗೆ, ಸಿಮೆಂಟಿನ ಚೂರೆಲ್ಲ ಆರಿಸಿ ತೆಗೆಯಿರಿ. ಮಸಾರಿ ಮಣ್ಣು ತುಂಬಿಸಿ. ಮಲ್ಲಿಗೆಯನ್ನು ಗೋಡೆಯಿಂದ ಮೂರು ಅಡಿ ಆಚೆ ಸರಿಸಿ. ಗೋಡೆ ಪಕ್ಕಕ್ಕೆ ಕಾಗದದ ಹೂವಿನ ಗಿಡ ಹಚ್ಚಿ, ಆ ಝಳ ಅದಕ್ಕೆ ಒಗ್ಗುತ್ತದೆ. ಕಣಗಿಲೆಯೂ ಬರುತ್ತದೆ, ಆದರೆ ಅದು ಪೂರ್ತಿ ವಿಷ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರಾ?

ಪ್ರಶ್ನೆ ಕೇಳಿದವರು: ಇದ್ದಾಳೆ ಸರ್, ಮೂರು ವರ್ಷದ ಮೊಮ್ಮಗಳು.

ಉತ್ತರ: ಹಾಗಾದರೆ ಕಾಗದದ ಹೂವೇ ಇರಲಿ. ಮುಳ್ಳಿನ ಕೊಂಬೆಯನ್ನು ಅವಳ ಕೈಗೆ ಸಿಗದಷ್ಟು ಎತ್ತರಕ್ಕೆ ಕಟ್ಟಿ. ಹತ್ತು ದಿನದ ಮೇಲೆ ಹೊಸ ಎಲೆಯ ಫೋಟೋ ಕಳಿಸಿ, ನೋಡುತ್ತೇನೆ.