47ನೇ ವಯಸ್ಸಿಗೆ ವಾರದ ಆರು ದಿನದ ಕೆಲಸವನ್ನು ನಾಲ್ಕಕ್ಕೆ ಇಳಿಸಬೇಕೆಂದಿದ್ದೇನೆ. ಏನೇನು ನೋಡಿಕೊಳ್ಳಬೇಕು?

ಧಾರವಾಡದಾಕಿ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಒಂದು ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. 17 ವರ್ಷ ಆಯಿತು. ಸೋಮವಾರದಿಂದ ಶನಿವಾರದವರೆಗೆ ಕೆಲಸ. ಬೆಳಿಗ್ಗೆ ಚಿಗರಿ ಬಸ್ಸು ಹತ್ತಿದರೆ ಧಾರವಾಡದ ಮನೆ ಸೇರುವಾಗ ರಾತ್ರಿ ಏಳೂವರೆ. ಮಗಳು ಕೆಲಸಕ್ಕೆ ಸೇರಿದ್ದಾಳೆ. ಮನೆ ಸಾಲ ತೀರಿದೆ. ಹಾಗಾಗಿ ಬುಧವಾರ ಮತ್ತು ಶನಿವಾರ ಬಿಡುವು ಕೊಡಿ, ಸಂಬಳವನ್ನೂ ಅಷ್ಟೇ ಇಳಿಸಿ ಅಂತ ಮಾಲೀಕರನ್ನು ಕೇಳಬೇಕೆಂದಿದ್ದೇನೆ.

ಕಾರಣ ಕಸೂತಿ. ನಮ್ಮ ಅತ್ತೆಯವರಿಗೆ ಈಗ 78. ಇಳಕಲ್ ಸೀರೆಯ ಮೇಲೆ ಅವರು ತೇರು, ಗೋಪುರ, ತುಳಸಿಕಟ್ಟೆ ಹೊಲಿದದ್ದನ್ನು ನೋಡುತ್ತಲೇ ಕೂರಬೇಕು ಅನಿಸುತ್ತದೆ. ನನಗೆ ಗವಂತಿ, ಮುರ್ಗಿ ಹೊಲಿಗೆಗಳು ಬಂದಿವೆ. ತೇರು ಇನ್ನೂ ಬಂದಿಲ್ಲ. ಈ ಕೆಲಸಕ್ಕೆ ಬಟ್ಟೆ ಮೇಲೆ ಗೆರೆ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವ ಹಾಗಿಲ್ಲ, ಗವಂತಿಯಾದರೆ ಹಿಂದೆ ಮುಂದೆ ಎರಡೂ ಕಡೆ ಒಂದೇ ಥರ ಕಾಣಬೇಕು. ಕಪ್ಪು ಚಂದ್ರಕಾಳಿ ಸೀರೆಯ ಎಳೆ ರಾತ್ರಿ ಟ್ಯೂಬ್‌ಲೈಟಿನಲ್ಲಿ ನನಗೆ ಕಾಣುವುದೇ ಇಲ್ಲ. ಹಗಲೇ ಬೇಕು. ಇರುವ ಒಂದು ಭಾನುವಾರ ಮನೆಗೆಲಸ, ನೆಂಟರು ಅಂತ ಹೋಗಿಬಿಡುತ್ತದೆ.

ಕೇಳಿದವರೆಲ್ಲ ‘ರಿಟೈರ್ ಆದಮೇಲೆ ಮಾಡು’ ಅನ್ನುತ್ತಾರೆ. ನನಗೆ ಚಾಳೀಸು ಬಂದಾಗಿದೆ, ನಂಬರ್ ಏರುತ್ತಲೇ ಇದೆ. 60ಕ್ಕೆ ಸಮಯವೇನೋ ಸಿಗಬಹುದು. ಎಳೆ ಎಣಿಸುವ ಕಣ್ಣು ಇರುತ್ತದಾ? ಪಕ್ಕದಲ್ಲಿ ಕೂತು ಕಲಿಸಲು ಅತ್ತೆ ಇರುತ್ತಾರಾ?

ಪಿಎಫ್‌ಗೆ, ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿಗೆ ಏನಾಗುತ್ತದೆ? ಹೀಗೆ ಕೆಲಸ ಕಡಿಮೆ ಮಾಡಿಕೊಂಡವರು ಯಾರಾದರೂ ಇದ್ದರೆ ಹೇಳಿ.

ಪಗಾರದ ಲೆಕ್ಕ:
ಮೇಡಂ, ಬೆಂಗಳೂರಿನಲ್ಲಿ ಸಂಬಳ ವಿಭಾಗದಲ್ಲೇ ನನ್ನ ಕೆಲಸ. ಪಿಎಫ್‌ಗಿಂತ ಮೊದಲು ಗ್ರಾಚ್ಯುಟಿ ನೋಡಿ. ಅಲ್ಲೇ ಜಾಸ್ತಿ ಹೊಡೆತ.

ಗ್ರಾಚ್ಯುಟಿ ಲೆಕ್ಕ ಹಾಕುವುದು ಕೊನೆಯ ತಿಂಗಳ ವೇತನದ ಮೇಲೆ. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುತ್ತಾರೆ. ನಿಮ್ಮ ಮೂಲ ವೇತನ, ತುಟ್ಟಿಭತ್ಯೆ ಸೇರಿ 36,000 ಅಂದುಕೊಳ್ಳಿ. 17 ವರ್ಷಕ್ಕೆ ಸುಮಾರು 3,53,000 ಆಗುತ್ತದೆ. ನಾಲ್ಕು ದಿನಕ್ಕೆ ಇಳಿದು ವೇತನ 24,000 ಆದರೆ ಅದೇ 17 ವರ್ಷಕ್ಕೆ ಸುಮಾರು 2,35,000. ಅಂದರೆ ಆರು ದಿನವೂ ದುಡಿದ ಹಳೆಯ ವರ್ಷಗಳಿಗೂ ಕಡಿಮೆ ದರವೇ ಬೀಳುತ್ತದೆ. ಇದು ಅನ್ಯಾಯ ಅಂತ ನನಗೆ ಅನಿಸುತ್ತದೆ. ಆದರೆ ಕಾನೂನು ಹೇಳುವುದು ಕನಿಷ್ಠ ಮೊತ್ತ ಅಷ್ಟೇ. ಅದಕ್ಕಿಂತ ಹೆಚ್ಚು ಕೊಡಲು ಮಾಲೀಕರು ಒಪ್ಪಬಹುದು. ಹಳೆಯ ವರ್ಷಗಳಿಗೆ ಹಳೆಯ ವೇತನ ಅಂತ ಬರಹದಲ್ಲಿ ತೆಗೆದುಕೊಳ್ಳಿ.

ಪಿಎಫ್ ಪೂರ್ತಿ ವೇತನದ ಮೇಲೆ ಕಟ್ಟುತ್ತಿದ್ದರೆ ನಿಮ್ಮ 12% ಮತ್ತು ಕಂಪನಿಯ 12% ಎರಡೂ ಇಳಿಯುತ್ತವೆ. ಇಪಿಎಸ್ (ಪಿಎಫ್ ಜೊತೆಗಿನ ನೌಕರರ ಪಿಂಚಣಿ ಯೋಜನೆ) ಲೆಕ್ಕಕ್ಕೆ ಹಿಡಿಯುವ ವೇತನಕ್ಕೆ 15,000ದ ಮಿತಿ ಇದೆ. ಹೆಚ್ಚಿನ ಪಿಂಚಣಿಗೆ ಅರ್ಜಿ ಹಾಕಿರದಿದ್ದರೆ ಅದು ಕದಲುವುದಿಲ್ಲ.

ಇನ್ನೊಂದು ಮಾತು. ‘ರಾಜೀನಾಮೆ ಕೊಡಿ, ಕನ್ಸಲ್ಟೆಂಟ್ ಅಂತ ತಗೋತೀವಿ’ ಅಂದರೆ ದಯವಿಟ್ಟು ಒಪ್ಪಬೇಡಿ. ಮುಂದಿನ ಪಿಎಫ್, ಕಂಪನಿಯ ಆರೋಗ್ಯ ವಿಮೆ ಎಲ್ಲಾ ಕೈಬಿಟ್ಟು ಹೋಗುತ್ತವೆ. ಅತ್ತೆಯವರ ಹೆಸರು ಆ ವಿಮೆಯಲ್ಲಿದ್ದರೆ, 78ಕ್ಕೆ ಹೊಸದಾಗಿ ವಿಮೆ ಮಾಡಿಸುವುದು ತುಂಬಾ ಕಷ್ಟ.

ಶಿವಮೊಗ್ಗ ಮಳೆ:
ಅಕ್ಕಾ, ನಾನು ಎರಡು ವರ್ಷದ ಹಿಂದೆ ಲ್ಯಾಬ್ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿದೆ. ದುಡ್ಡಿನದು ಹೇಗೋ ಹೊಂದಿಕೊಂಡಿತು. ಕಷ್ಟ ಆಗಿದ್ದು ಮನೆಯವರಿಂದ. ‘ಹೇಗೂ ಮನೇಲೇ ಇರ್ತೀಯಲ್ಲ’ ಅಂತ ಬ್ಯಾಂಕು, ಗ್ಯಾಸು, ನಾದಿನಿಯ ಮಗುವನ್ನು ಸ್ಕೂಲಿಂದ ಕರೆತರುವುದು, ಎಲ್ಲವೂ ನನ್ನ ತಲೆಗೇ ಬಂತು. ಸಂಬಳ ಬಿಟ್ಟುಕೊಟ್ಟು ಕೊಂಡ ಹೊತ್ತನ್ನು ಊರಿಗೆಲ್ಲ ಹಂಚಿದ ಹಾಗಾಯಿತು. ಗಂಡಸರಿಗೆ ಇದನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ಈಗ ಎರಡರಿಂದ ಐದು ಗಂಟೆ ಫೋನ್ ಸೈಲೆಂಟ್. ಹೇಳಿ ಹೇಳಿ ಎಲ್ಲರಿಗೂ ರೂಢಿಯಾಗಿದೆ. ನೀವು ಮೊದಲ ವಾರದಿಂದಲೇ ಹೇಳಿಬಿಡಿ. ಅತ್ತೆಯವರೇ ಗುರು ಆಗಿರುವುದು ನಿಮ್ಮ ಪುಣ್ಯ. ಅವರ ಬಾಯಿಂದಲೇ ಹೇಳಿಸಿ.

ಐಂಡ್‌ಹೋವನ್ ಕನ್ನಡಿಗ:
ನೆದರ್ಲೆಂಡ್ಸ್‌ನಲ್ಲಿದ್ದೇನೆ, ವಯಸ್ಸು 45. ವಾರಕ್ಕೆ 40 ಗಂಟೆಯಿಂದ 32ಕ್ಕೆ ಇಳಿದಿದ್ದೇನೆ. ಇಲ್ಲಿ 2016ರಿಂದ ಜಾರಿಯಲ್ಲಿರುವ ಕಾನೂನು ಪ್ರಕಾರ, 10 ಅಥವಾ ಹೆಚ್ಚು ಜನರಿರುವ ಕಂಪನಿಯಲ್ಲಿ ಆರು ತಿಂಗಳು ದುಡಿದವರು ಗಂಟೆ ಕಡಿಮೆ ಮಾಡಲು ಕೇಳಬಹುದು. ಎರಡು ತಿಂಗಳು ಮೊದಲೇ ಬರೆದು ಕೊಡಬೇಕು. ಬಲವಾದ ಕಾರಣ ಇಲ್ಲದೆ ಕಂಪನಿ ಇಲ್ಲ ಅನ್ನುವಂತಿಲ್ಲ. ನಮ್ಮಲ್ಲಿ ಅಂಥ ಹಕ್ಕು ಇಲ್ಲ ಅನ್ನುವುದು ಬೇಸರದ ವಿಷಯ. ನೀವು ಮಾಲೀಕರ ಒಳ್ಳೆಯ ಮನಸ್ಸನ್ನೇ ನಂಬಬೇಕು.

ಇಲ್ಲಿರುವ ಕನ್ನಡಿಗರು ಓದುತ್ತಿದ್ದರೆ ಅವರಿಗೂ ಒಂದು ಎಚ್ಚರಿಕೆ. ನುರಿತ ಉದ್ಯೋಗಿ ಪರವಾನಗಿಗೆ ಬೇಕಾದ ಕನಿಷ್ಠ ಸಂಬಳದ ಮಿತಿ ಗಂಟೆ ಇಳಿಸಿದರೂ ಇಳಿಯುವುದಿಲ್ಲ. 2025ರಲ್ಲಿ 30 ದಾಟಿದವರಿಗೆ ಅದು ತಿಂಗಳಿಗೆ 5,688 ಯೂರೋ ಇತ್ತು. ನಾನು ಶಾಶ್ವತ ವಾಸದ ಪರವಾನಗಿ ಬಂದಮೇಲೆಯೇ ಕೇಳಿದೆ.

ಮೇಡಂ, ಯಾವ ಕೆಲಸ ಯಾರ ಕೈಗೆ ಹೋಗುತ್ತದೆ ಅಂತ ಪಟ್ಟಿ ಮಾಡಿಕೊಂಡೇ ಮಾತಾಡಿ. ಇಲ್ಲದಿದ್ದರೆ ಆರು ದಿನದ ಕೆಲಸವನ್ನು ನಾಲ್ಕು ದಿನದಲ್ಲಿ, ಕಡಿಮೆ ಸಂಬಳಕ್ಕೆ ಮಾಡುತ್ತೀರಿ.

ಟ್ಯಾಲಿ ಬಂಧು:
ನಾನೂ ಅಕೌಂಟ್ಸ್. ವಾರದ ಲೆಕ್ಕ ನಮ್ಮ ಕೆಲಸಕ್ಕೆ ಕೂಡಿಬರುವುದಿಲ್ಲ. ತಿಂಗಳ 7ಕ್ಕೆ ಟಿಡಿಎಸ್ (ಮೊದಲೇ ಹಿಡಿದುಕೊಂಡ ತೆರಿಗೆ) ಕಟ್ಟಬೇಕು, 11ಕ್ಕೆ ಮಾರಾಟದ ಜಿಎಸ್‌ಟಿ ವಿವರ ಜಿಎಸ್‌ಟಿಆರ್-1, 20ಕ್ಕೆ ಜಿಎಸ್‌ಟಿ ಕಟ್ಟುವ 3ಬಿ. ಶನಿವಾರ 11 ಬಂದರೆ ನಿಮ್ಮ ಬಿಡುವು ಹೋಯಿತು. 20 ಆದಮೇಲೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ತಿಂಗಳ ಮೊದಲ 20 ದಿನದಲ್ಲಿ ವಾರಕ್ಕೆ ಒಂದೇ ರಜೆ ಕೇಳಿ, ಉಳಿದದ್ದನ್ನು 21ರಿಂದ ಒಟ್ಟಿಗೆ ತಗೊಳ್ಳಿ. ಮಾಲೀಕರಿಗೂ ಒಪ್ಪಲು ಸುಲಭ.

ಧಾರವಾಡದಾಕಿ:
ಎಲ್ಲರಿಗೂ ತುಂಬಾ ಧನ್ಯವಾದ. ದಿನಾ ಲೆಕ್ಕ ಬರೆಯುವವಳಾದರೂ ಗ್ರಾಚ್ಯುಟಿ ಹೀಗೆ ಹಿಂದಿನ ವರ್ಷಗಳಿಗೂ ತಟ್ಟುತ್ತದೆ ಅಂತ ಹೊಳೆದಿರಲಿಲ್ಲ. 21ರಿಂದ ಒಟ್ಟಿಗೆ ರಜೆ ಅನ್ನುವ ಮಾತು ಬಹಳ ಹಿಡಿಸಿತು. ತೇರು ಹೊಲಿಯಲು ಬಿಡಿ ಬಿಡಿ ದಿನಕ್ಕಿಂತ ಸಾಲಾಗಿ ನಾಲ್ಕೈದು ಹಗಲು ಸಿಕ್ಕರೆ ಒಳ್ಳೆಯದು. ಎಣಿಕೆ ತಲೆಯಲ್ಲೇ ಉಳಿಯುತ್ತದೆ. ಅತ್ತೆಯವರಿಗೆ ಓದಿ ಹೇಳಿದೆ. ‘ಫೋನ್ ನನ್ನ ಕೈಯಾಗ ಕೊಡು, ನಾ ಹೇಳ್ತೀನಿ’ ಅಂದರು.

ಪಗಾರದ ಲೆಕ್ಕ ಸರ್, ಆ ಷರತ್ತನ್ನು ಯಾವ ಮಾತಿನಲ್ಲಿ ಬರೆಸಬೇಕು?

ಪಗಾರದ ಲೆಕ್ಕ:
ಹೀಗೆ ಬರೆಸಿ: ‘ಈ ದಿನಾಂಕದವರೆಗಿನ ಪೂರ್ಣಾವಧಿ ಸೇವೆಗೆ ಗ್ರಾಚ್ಯುಟಿಯನ್ನು, ಕೆಲಸದ ದಿನ ಇಳಿಸುವ ಹಿಂದಿನ ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ ಲೆಕ್ಕ ಹಾಕಲಾಗುವುದು. ಸೇವೆಯ ನಿರಂತರತೆಗೆ ಯಾವುದೇ ಭಂಗ ಉಂಟಾಗಿಲ್ಲ.’ ಎರಡನೇ ವಾಕ್ಯ ಬಿಡಬೇಡಿ. ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಸಹಿ, ಸೀಲು ಹಾಕಿಸಿ ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.